ಮುಖಕ್ಕೆ ಮರಳಿದ ದನಿ

ಹೆಸರಾದ ನಟನೊಬ್ಬ ಹಾಡಿದ್ದಾನಂತೆ ಎಂಬ ಸುದ್ದಿ ಬಂದಾಗ ಅಭಿಮಾನಿಯ ಎದೆ ಒಮ್ಮೆ ಅಳುಕುತ್ತದೆ. ಇಷ್ಟು ದಿನ ಮೆಚ್ಚಿಕೊಂಡು ಬಂದವನು ಪರರ ಅಂಗಳದಲ್ಲಿ ಎಡವಿಬಿಟ್ಟರೆ? ಹಾಲಿವುಡ್ಡಿನ ರಾಬರ್ಟ್ ಡೌನಿ ಜೂನಿಯರ್ 2004ರಲ್ಲಿ ‘ದ ಫ್ಯೂಚರಿಸ್ಟ್’ ಎಂಬ ಆಲ್ಬಮ್ ತಂದಾಗ, ಬಹುಪಾಲು ಹಾಡುಗಳನ್ನು ತಾನೇ ಬರೆದು ತಾನೇ ಹಾಡಿದಾಗ, ಅಲ್ಲಿಯವರೂ ಇದೇ ಅಳುಕಿನಲ್ಲಿ ಕಿವಿಗೊಟ್ಟಿರಬೇಕು. ಕಿರುತೆರೆಯ ಸಿಡುಕು ವೈದ್ಯನಾಗಿ ಜಗತ್ತಿಗೆ ಗೊತ್ತಿದ್ದ ಇಂಗ್ಲೆಂಡಿನ ಹ್ಯೂ ಲಾರಿ 2011ರಲ್ಲಿ ನ್ಯೂ ಆರ್ಲಿಯನ್ಸಿನ ಬ್ಲೂಸ್ ಹಾಡುಗಳನ್ನು ಹಿಡಿದು ಬಂದಾಗಲೂ ಅಷ್ಟೆ. ಹಾಡು ಚೆನ್ನಾಗಿದ್ದರೆ ಅಳುಕು ಕರಗಿ ಬೆರಗಾಗುತ್ತದೆ. ‘ಅರೆ, ಇವನೊಳಗೆ ಇದೂ ಇತ್ತೇ!’

ಕನ್ನಡದಲ್ಲಿ ಈ ಬೆರಗಿನ ದೊಡ್ಡ ವರ್ಷ 1974. ಸಿನಿಮಾ ‘ಸಂಪತ್ತಿಗೆ ಸವಾಲ್’, ಹಾಡು ‘ಯಾರೇ ಕೂಗಾಡಲಿ’, ಹಾಡಿದವರು ರಾಜ್‌ಕುಮಾರ್. ಆಗ ಅವರಿಗೆ ನಲವತ್ತೈದು ವರ್ಷ. ‘ಬೇಡರ ಕಣ್ಣಪ್ಪ’ ಬಂದು ಇಪ್ಪತ್ತು ವರ್ಷ ಕಳೆದಿತ್ತು. ಅವರ ಮುಖಕ್ಕೂ ಪಿ.ಬಿ. ಶ್ರೀನಿವಾಸ್ ಅವರ ದನಿಗೂ ಎಂಥ ನಂಟು ಬೆಳೆದಿತ್ತೆಂದರೆ, ತೆರೆಯ ಮೇಲೆ ರಾಜಣ್ಣ ಬಾಯಿ ತೆರೆದರೆ ಆ ನುಣುಪಾದ ದನಿಯೇ ಹೊರಡಬೇಕೆಂದು ಕನ್ನಡಿಗರ ಕಿವಿ ಒಪ್ಪಿಕೊಂಡುಬಿಟ್ಟಿತ್ತು. ಆ ಹಾಡಿನ ಧ್ವನಿಮುದ್ರಣದ ಹೊತ್ತಿಗೆ ಶ್ರೀನಿವಾಸ್ ಅವರ ಗಂಟಲು ಕೆಟ್ಟಿತು. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರು. ಒಬ್ಬರ ಗಂಟಲು ನೋವಿನಿಂದ ಇನ್ನೊಬ್ಬರ ಗಂಟಲಿನ ಬಾಗಿಲು ತೆರೆಯಿತು.

ತೆರೆಯ ಮೇಲೆ ನಾಯಕ ಎಮ್ಮೆಯ ಬೆನ್ನೇರಿ ಹಾಡುವ ಈ ಹಾಡನ್ನು ಹೊಸಪೇಟೆ ಸೀಮೆಯ ಬಯಲಲ್ಲಿ ಕೇಳಿದರೆ ಅದರ ಅರ್ಧ ಗುಟ್ಟು ತಾನಾಗಿ ತಿಳಿಯುತ್ತದೆ. ಕಮಲಾಪುರದ ಕೆರೆಯಲ್ಲಿ, ಹಂಪಿಯ ಬಾಳೆತೋಟಗಳ ನಡುವೆ ಹರಿಯುವ ಕಾಲುವೆಗಳಲ್ಲಿ, ಕಂಪ್ಲಿಯ ಭತ್ತದ ಗದ್ದೆಗಳಾಚೆ ಹೊಳೆಯಂಚಿನಲ್ಲಿ ಎಮ್ಮೆಗಳು ಮೂಗು ಮಾತ್ರ ಮೇಲೆ ಮಾಡಿ ಮುಳುಗಿರುತ್ತವೆ. ಇಳಿಹೊತ್ತಿಗೆ ಅವನ್ನು ಎಬ್ಬಿಸಿ, ಒಂದರ ಬೆನ್ನೇರಿ ಊರಿಗೆ ಮರಳುವ ಹುಡುಗರು ಈಗ ಕಡಿಮೆಯಾಗಿದ್ದಾರೆ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಎಮ್ಮೆಯ ಬೆನ್ನು ಕುದುರೆಯ ಬೆನ್ನಿನಂತಲ್ಲ. ಅಗಲ, ಜಾರು. ಹೆಜ್ಜೆಗೊಮ್ಮೆ ಎಡಕ್ಕೆ, ಹೆಜ್ಜೆಗೊಮ್ಮೆ ಬಲಕ್ಕೆ ವಾಲುತ್ತದೆ. ಅದರ ಮೇಲೆ ಕೂತು ಹಾಡುವವನ ಉಸಿರು ಒಂದೇ ಸಮ ಇರಲು ಸಾಧ್ಯವಿಲ್ಲ. ಸ್ವರ ಎಮ್ಮೆಯೊಂದಿಗೇ ಹೊಯ್ದಾಡಬೇಕು. ರಾಜ್‌ಕುಮಾರ್ ಅದನ್ನು ಹಾಡಿದ್ದು ಮೈಕಿನ ಮುಂದೆ ನಿಂತು. ಆದರೆ ಕೇಳುವವನಿಗೆ ಆ ವಾಲಾಟ ದನಿಯಲ್ಲೇ ಸಿಗುತ್ತದೆ. ತಾಳ ತಪ್ಪದೆ, ತಾಳಕ್ಕೆ ಅಂಟಿಕೊಳ್ಳದೆ, ಯಾರ ಹಂಗೂ ಇಲ್ಲದವನ ಹಾಗೆ ಹೋಗುತ್ತಾರೆ. ತೆರೆಯ ಮೇಲಿನ ಭದ್ರ ಊರವರ ಬಾಯಿಗೆ ಬಿದ್ದ ಹಳ್ಳಿಗ. ಊರಿನ ಬೈಗುಳಕ್ಕೆ ಅವನು ಕೊಡುವ ಉತ್ತರ ಈ ಹಾಡು. ಶ್ರೀನಿವಾಸ್ ಹಾಡಿದ್ದರೆ ಖಂಡಿತ ಸೊಗಸಾಗಿರುತ್ತಿತ್ತು. ಆದರೆ ಎಮ್ಮೆಯ ಮೇಲೆ ಕೂತವನು ಸ್ವಲ್ಪ ಓದಿಕೊಂಡವನಾಗಿ, ಸ್ವಲ್ಪ ಪಟ್ಟಣದವನಾಗಿ ಕೇಳಿಸುತ್ತಿದ್ದನೋ ಏನೋ. ರಾಜ್ ಹಾಡಿದ್ದರಿಂದ ಭದ್ರನೇ ಹಾಡಿದ.

ನಟನ ಹಾಡನ್ನು ಅಳೆಯಲು ನನಗೆ ತೋಚುವ ಅಳತೆಗೋಲು ಇದೊಂದೇ. ಗಾಯಕನಷ್ಟು ಸ್ವರಶುದ್ಧಿ ಇದೆಯೇ ಎಂಬುದು ಆಮೇಲಿನ ಪ್ರಶ್ನೆ. ಪಾತ್ರ ಮಾತಾಡುತ್ತ ಮಾತಾಡುತ್ತ ಮಾತು ಸಾಲದೆ ಹಾಡಿಗೆ ದಾಟಿತೇ? ದಾಟುವಾಗ ಅದೇ ಮನುಷ್ಯನಾಗಿ ಉಳಿಯಿತೇ? ಉಳಿದಿದ್ದರೆ ಆ ನಟ ಹಾಡಲು ಹಕ್ಕುಳ್ಳವನು.

ನಾಟಕ ಕಂಪನಿಯೊಂದರಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದ ನನ್ನ ಸೋದರಮಾವನಿಗಂತೂ ಈ ಬೆರಗೇ ಬೇಸರ ತರುತ್ತಿತ್ತು. ರಾಜ್‌ಕುಮಾರ್ ಹಾಡುವುದು ಅಚ್ಚರಿ ಎಂದು ಯಾರಾದರೂ ಅಂದರೆ ಸಾಕು, “ಅಲ್ಲೋ, ನಾಟಕದಾಗ ಹಾಡಿದ ಮನಷ್ಯ ಸಿನಿಮಾದಾಗ ಹಾಡಿದ್ರ ಅದೇನು ದೊಡ್ಡ ಮಾತು? ಇಷ್ಟು ವರ್ಷ ಯಾಕ ಹಾಡಲಿಲ್ಲ ಅಂತ ಕೇಳು” ಅನ್ನುತ್ತಿದ್ದರು. ಅವರ ಪ್ರಶ್ನೆಯೇ ಸರಿಯಾದ ಪ್ರಶ್ನೆ ಎಂದು ನನಗೆ ದಿನ ಹೋದಂತೆ ಗಟ್ಟಿಯಾಗುತ್ತಿದೆ. ಅಚ್ಚರಿ ಪಡಬೇಕಾದದ್ದು 1974ರ ಹಾಡಿಗಲ್ಲ, ಅದರ ಹಿಂದಿನ ಇಪ್ಪತ್ತು ವರ್ಷಗಳ ಮೌನಕ್ಕೆ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಅಂದರೆ ಮುಂದಿನ ರಾಜ್‌ಕುಮಾರ್, ಬೆಳೆದದ್ದು ಕಂಪನಿಯಲ್ಲಿ. ತಂದೆ ಹಿರಣ್ಯಕಶಿಪು, ಕಂಸ, ರಾವಣರಂಥ ಪಾತ್ರಗಳಿಗೆ ಹೆಸರಾದ ನಟ. ಗುಬ್ಬಿ ವೀರಣ್ಣನವರ ಕಂಪನಿ, ಎಂ.ವಿ. ಸುಬ್ಬಯ್ಯನಾಯ್ಡು ಅವರ ಕಂಪನಿ, ಇವೇ ಹುಡುಗನ ಶಾಲೆ. ಅಲ್ಲಿ ನಟನಿಗೆ ಬೇರೆ, ಗಾಯಕನಿಗೆ ಬೇರೆ ಸಂಬಳವಿರಲಿಲ್ಲ. ಬೆಳಗ್ಗೆ ಹಾರ್ಮೋನಿಯಂ ಮುಂದೆ ಕೂತು ಮಟ್ಟು ಕಲಿಯಬೇಕು, ಮಧ್ಯಾಹ್ನ ತಾಲೀಮು, ರಾತ್ರಿ ಬಣ್ಣ. ಹಿಂದಿನ ಸಾಲಿನ ನೆಲದ ಮೇಲೆ ಕೂತವನಿಗೂ ಕಂದಪದ್ಯದ ಕೊನೆಯ ಅಕ್ಷರ ಒಡೆದು ಕೇಳಬೇಕು. ಮಹಾಪ್ರಾಣ ಮಹಾಪ್ರಾಣವಾಗಿಯೇ ಬರಬೇಕು. ಅರ್ಥ ನುಂಗಿ ರಾಗ ಎಳೆದರೆ ಜನ ಏಳುತ್ತಿದ್ದರು. ಅರ್ಥವೂ ರಾಗವೂ ಕೂಡಿ ಬಂದರೆ ‘ಒನ್ಸ್ ಮೋರ್’ ಕೂಗಿ ಸತ್ತ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದರು. ಓದು ಕೆಳಗಿನ ತರಗತಿಯಲ್ಲೇ ನಿಂತುಹೋಗಿದ್ದ ಹುಡುಗನಿಗೆ ಕನ್ನಡದ ಒಂದೊಂದು ಅಕ್ಷರದ ತೂಕ ಗೊತ್ತಾದದ್ದು ಹೀಗೆ. ಮುಂದೆ ಅವರ ಹಾಡುಗಳಲ್ಲಿ ನಾವು ಮೆಚ್ಚಿದ ಉಚ್ಚಾರ ಇಲ್ಲಿಂದ ಬಂದದ್ದು.

ಆ ಸುಬ್ಬಯ್ಯನಾಯ್ಡು ಯಾರು? 1934ರ ‘ಸತಿ ಸುಲೋಚನಾ’, ಅಂದರೆ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರದ ನಾಯಕ. ಆರ್. ನಾಗೇಂದ್ರರಾಯರು ಅದರಲ್ಲಿ ರಾವಣನೂ ಹೌದು, ಸಂಗೀತ ನಿರ್ದೇಶಕರೂ ಹೌದು. ಕ್ಯಾಮೆರಾದ ಮುಂದೆ ನಿಂತವನೇ ಹಾಡಬೇಕಿದ್ದ ಕಾಲ ಅದು. ಆಮೇಲೆಯೂ ಹೊನ್ನಪ್ಪ ಭಾಗವತರು ನಟಿಸಿದರು, ಹಾಡಿದರು, ಸಂಗೀತವನ್ನೂ ಕೂಡಿಸಿದರು. ಹಿನ್ನೆಲೆ ಗಾಯನ ಬಂದು ಮುಖವನ್ನೂ ದನಿಯನ್ನೂ ಬೇರೆ ಮಾಡಿತು. ಅದರಿಂದ ನಮಗೆ ಸಿಕ್ಕ ಲಾಭ ಸಣ್ಣದಲ್ಲ; ಪಿ.ಬಿ.ಶ್ರೀ, ಜಾನಕಿ, ಸುಶೀಲ ಸಿಕ್ಕರು. ಆದರೆ 1954ರಲ್ಲಿ ರಾಜ್‌ಕುಮಾರ್ ನಾಯಕನಾಗಿ ತೆರೆಗೆ ಬಂದಾಗ ಆ ಏರ್ಪಾಡು ಗಟ್ಟಿಯಾಗಿ ನೆಲೆಯೂರಿತ್ತು. ಹಾಡಬಲ್ಲ ನಟನಿಗೆ ‘ನೀವು ಬಾಯಿ ಆಡಿಸಿದರೆ ಸಾಕು’ ಎಂದಿತು ಕಾಲ. ಅವರು ಒಪ್ಪಿಕೊಂಡರು. ‘ಓಹಿಲೇಶ್ವರ’ದಲ್ಲಿ (1956) ಒಂದಿಷ್ಟು, ‘ಮಹಿಷಾಸುರ ಮರ್ದಿನಿ’ಯಲ್ಲಿ (1959) ಎಸ್. ಜಾನಕಿ ಅವರೊಂದಿಗೆ ಒಂದು ಯುಗಳ ಗೀತೆ ಹಾಡಿದ್ದುಂಟು. ಹಾಗಾಗಿ ಲೆಕ್ಕದ ಪ್ರಕಾರ 1974ರದು ಮೊದಲ ಹಾಡೇ ಅಲ್ಲ. ಆದರೆ ಆ ಎರಡು ಹಾಡುಗಳನ್ನು ಆಗ ಕೇಳಿದವರೂ ಮರೆತಿದ್ದರು. ಜನರ ಎದೆಯಲ್ಲಿ ಅವರ ಗಾಯನ ಹುಟ್ಟಿದ್ದು ಎಮ್ಮೆಯ ಮೇಲೆಯೇ.

ಇನ್ನೊಂದು ಸಂಗತಿ ನಮ್ಮ ಕಡೆಯ ನಾಟಕಪ್ರಿಯರಿಗೆ ಹೆಮ್ಮೆ ತರುವಂಥದು. ‘ಸಂಪತ್ತಿಗೆ ಸವಾಲ್’ ಮೂಲತಃ ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ. ಹುನಗುಂದದ ಕಡೆಯ ಲೇಖಣಿಯಿಂದ ಬಂದು, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ, ತಗಡಿನ ಥಿಯೇಟರುಗಳಲ್ಲಿ ಹಣ್ಣಾದ ನಾಟಕ. ಹೊಸಪೇಟೆ, ಕಂಪ್ಲಿ, ಸಂಡೂರಿನಂಥ ಊರುಗಳಿಗೆ ಕಂಪನಿ ‘ಕ್ಯಾಂಪ್’ ಹಾಕಿತೆಂದರೆ ತಿಂಗಳುಗಟ್ಟಲೆ ರಾತ್ರಿ ಬೆಳಕಾಗುತ್ತಿತ್ತು. ಜನ ಸಿನಿಮಾ ನೋಡುವ ಮೊದಲೇ ಇಂಥ ಕಥೆಗಳನ್ನು ರಂಗದ ಮೇಲೆ ಕಂಡಿದ್ದರು, ನಟರೇ ಹಾಡುವುದನ್ನು ಕೇಳಿದ್ದರು. ರಾಜ್‌ಕುಮಾರ್ ಆ ಪಾತ್ರದಲ್ಲಿ ತಾವೇ ಹಾಡಿದಾಗ ನಾಟಕ ತನ್ನ ಮೂಲ ಪದ್ಧತಿಗೆ ಮರಳಿದಂತಾಯಿತು. ಸೋದರಮಾವ ಬೆರಗಾಗದೆ ಇದ್ದದ್ದು ಅದಕ್ಕೇ.

ಕಂಪನಿಗಿಂತ ಹಿಂದೆ ಹೋದರೆ ಬಯಲಾಟ. ಬಳ್ಳಾರಿ, ವಿಜಯನಗರ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ರಾತ್ರಿಯಿಡೀ ಆಡುತ್ತಾರೆ. ಅರ್ಜುನನ ವೇಷ ಹಾಕಿದವನು ಹಗಲು ಹೊಲದಲ್ಲಿ ದುಡಿದು ಬಂದಿರುತ್ತಾನೆ. ಭುಜಕೀರ್ತಿ, ಎದೆಹಾರ, ಕಿರೀಟದ ಭಾರ ಹೊತ್ತು ಕುಣಿಯುತ್ತ ಪದವನ್ನು ತಾನೇ ಎತ್ತಿಕೊಳ್ಳುತ್ತಾನೆ. ಹಿಮ್ಮೇಳ ಅದನ್ನು ಹಿಡಿದು ಮುಂದಕ್ಕೆ ಒಯ್ಯುತ್ತದೆ. ಕಂಪ್ಲಿಯ ಕಡೆಯಾದರೆ ಕಂಪಿಲರಾಯನ ಮಗ ಕುಮಾರರಾಮನ ಕಥೆ ಎಲ್ಲರ ಬಾಯಲ್ಲಿರುವ ಕಥೆ. ಆ ವೀರನ ಪಾತ್ರ ಹೊತ್ತವನು ಗುಡುಗದೆ, ಹಾಡದೆ, ಬರೀ ಮೀಸೆ ತಿರುವಿದರೆ ಯಾರು ನೋಡುತ್ತಾರೆ? ನಟ ಹಾಡುವುದು ಇಲ್ಲಿ ಪ್ರತಿಭೆಯ ಹೆಚ್ಚುವರಿ ಗುಣವಲ್ಲ, ಕೆಲಸದ ಭಾಗ.

ಹಾಗೆಂದು ಈ ನೆಲದಲ್ಲಿ ಎಲ್ಲರೂ ನಟನ ಹಾಡನ್ನು ಒಪ್ಪಿದರೆಂದಲ್ಲ. ಬಳ್ಳಾರಿ ರಾಘವರು (1880–1946) ವೃತ್ತಿಯಲ್ಲಿ ವಕೀಲರು, ರಂಗದಲ್ಲಿ ಮಹಾನಟರು. ಪದ್ಯದ ಮೇಲೆ ಪದ್ಯ ಹಾಡಿ ಪಾತ್ರವನ್ನು ಮರೆಸುವ ಅಂದಿನ ರೂಢಿ ಅವರಿಗೆ ಹಿಡಿಸಲಿಲ್ಲ. ಮಾತಿನಿಂದಲೇ, ಮುಖದಿಂದಲೇ ಪಾತ್ರ ನಿಲ್ಲಬೇಕು ಎಂದು ನಂಬಿ ಹಾಗೆಯೇ ನಟಿಸಿದರು. ಅವರ ಒಡನಾಡಿಯಾಗಿದ್ದ ಜೋಳದರಾಶಿ ದೊಡ್ಡನಗೌಡರ ದಾರಿ ಬೇರೆ. ನಟನೆ ಅವರದು, ಗಮಕ ಅವರದು, ಬರವಣಿಗೆಯೂ ಅವರದೇ. ವಚನಗಳನ್ನೂ ಬರೆದರು. ಬರೆಯುವ ಕೈ, ಹಾಡುವ ಕೊರಳು, ಬಣ್ಣ ಹಚ್ಚುವ ಮುಖ ಒಬ್ಬರಲ್ಲೇ ಕೂಡಿದ್ದ ಅಪರೂಪದವರು. ಹೆಸರಾದ ನಟನೊಬ್ಬ ತಾನೇ ಬರೆದು ಹಾಡಿದ್ದಾನೆ ಎಂದು ದೂರದ ಊರಿನ ಸುದ್ದಿ ಓದುವಾಗ ನನಗೆ ಮೊದಲು ನೆನಪಾಗುವವರು ಈ ಗೌಡರು. ರಾಘವರು ಮತ್ತು ಗೌಡರು ಒಂದೇ ಊರಿನ ರಂಗದಲ್ಲಿ ಬೆಳೆದದ್ದು ನಮ್ಮ ಭಾಗ್ಯ. ಪಾತ್ರವನ್ನು ನುಂಗುವ ಹಾಡು ಬೇಡ ಎಂದು ಒಬ್ಬರಿಂದ ಕಲಿಯಬಹುದು. ಪಾತ್ರದೊಳಗಿಂದಲೇ ಹಾಡು ಬರಬಲ್ಲದು ಎಂದು ಇನ್ನೊಬ್ಬರಿಂದ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ರಂಗಗೀತೆ ಹಾಡುವುದನ್ನು ಕೇಳಿದವರಿಗೆ ಈ ಎರಡೂ ಪಾಠ ಒಟ್ಟಿಗೆ ಸಿಕ್ಕಿವೆ. ಆಕೆ ಮೊದಲು ನಟಿಯೋ ಗಾಯಕಿಯೋ ಎಂದು ಯಾರೂ ಕೇಳುತ್ತಿರಲಿಲ್ಲ.

ಹಂಪಿಯಲ್ಲಂತೂ ಬರೆದವನೇ ಹಾಡಿದ ಪರಂಪರೆ ಕಲ್ಲಿನಲ್ಲಿ ನಿಂತಿದೆ. ವಿಠ್ಠಲ ಗುಡಿಯ ಹತ್ತಿರ, ಹೊಳೆಯ ದಂಡೆಗೆ ಪುರಂದರ ಮಂಟಪವಿದೆ. ಡ್ಯಾಮಿನಿಂದ ನೀರು ಬಿಟ್ಟಾಗ ಮಂಟಪ ಮುಳುಗುತ್ತದೆ, ನೀರು ಇಳಿದ ಮೇಲೆ ಮತ್ತೆ ತಲೆಯೆತ್ತುತ್ತದೆ. ಪುರಂದರದಾಸರು ಮಾತು ಕಟ್ಟಿದರು, ರಾಗ ಕೂಡಿಸಿದರು, ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದರು, ಕಾಲಿಗೆ ಗೆಜ್ಜೆಯನ್ನೂ ಕಟ್ಟಿದರು. ಸಾಹುಕಾರಿಕೆ ಬಿಟ್ಟು ಬಂದವರು ಎಂದು ಕಥೆ ಹೇಳುತ್ತದೆ. ಒಂದು ಬದುಕಿನಲ್ಲಿ ಹೆಸರು ಮಾಡಿದವರು ಇನ್ನೊಂದು ಬದುಕಿಗೆ ದಾಟಿ ಅಲ್ಲಿಯೂ ಬೆಳಗಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ನಾಡಿನಲ್ಲಿ ಯಾವುದಿದೆ?

ರಾಜ್‌ಕುಮಾರ್ ಹಾಡುಗಳನ್ನು ಬರೆದವರಲ್ಲ. ಆ ಕೆಲಸಕ್ಕೆ ಚಿ. ಉದಯಶಂಕರ್ ಇದ್ದರು. ಆದರೆ 1974ರ ನಂತರ ಉದಯಶಂಕರ್ ಬರೆದ ಸಾಲುಗಳನ್ನು ಕೇಳುತ್ತ ಹೋದರೆ, ಕವಿ ಆ ಗಂಟಲನ್ನು ಎದುರಿಗಿಟ್ಟುಕೊಂಡೇ ಬರೆದಂತೆ ತೋರುತ್ತದೆ. ಸಣ್ಣ ಸಣ್ಣ ಪದ, ಮನೆಯಲ್ಲಿ ಆಡುವ ಮಾತು, ಎರಡು ಅಕ್ಷರದ ಪದಕ್ಕೂ ಒಂದು ಉಸಿರಿನ ಜಾಗ. ಆ ಜಾಗದಲ್ಲಿ ರಾಜ್ ನಗುತ್ತಿದ್ದರು, ಬಿಕ್ಕುತ್ತಿದ್ದರು, ಒಮ್ಮೊಮ್ಮೆ ಸುಮ್ಮನಿರುತ್ತಿದ್ದರು. ಹಾಡು ಬರೆಯುವವನಿಗೂ ಹಾಡುವವನಿಗೂ ಇಷ್ಟು ಹೊಂದಿಕೆಯಾದ ಮೇಲೆ ಯಾವ ಸಾಲು ಯಾರದೆಂದು ಗೆರೆ ಎಳೆಯುವುದು ಕಷ್ಟ.

ಇಲ್ಲಿ ಒಂದು ನೋವಿನ ಮಾತನ್ನೂ ಆಡಬೇಕು. ರಾಜ್ ಹಾಡತೊಡಗಿದ ಮೇಲೆ ಪಿ.ಬಿ. ಶ್ರೀನಿವಾಸ್ ಅವರಿಗೆ ಕನ್ನಡದಲ್ಲಿ ಹಾಡುಗಳು ಕಡಿಮೆಯಾದವು. ‘ಭಕ್ತ ಕನಕದಾಸ’ದಿಂದ (1960) ಮೊದಲ್ಗೊಂಡು ಎಷ್ಟೆಲ್ಲ ಚಿತ್ರಗಳಲ್ಲಿ ರಾಜ್ ಅವರ ಭಕ್ತಿ, ಪ್ರೇಮ, ವಿರಹಗಳೆಲ್ಲ ಆ ಕೊರಳಿನಿಂದ ಬಂದಿದ್ದವು! ಕಾಕಿನಾಡದಲ್ಲಿ ಹುಟ್ಟಿದ ಆ ಮನುಷ್ಯ ಕನ್ನಡವನ್ನು ಕನ್ನಡಿಗರಿಗಿಂತ ನಯವಾಗಿ ಉಚ್ಚರಿಸಿದರು. ಈಗಲೂ ಹೊಸಪೇಟೆ ಆಕಾಶವಾಣಿಯಲ್ಲಿ ಅವರ ಹಾಡೊಂದು ಬಂದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ರಾಜ್ ಅವರ ಗಾಯನವನ್ನು ಮನಸಾರೆ ಮೆಚ್ಚುತ್ತಲೇ, ಶ್ರೀನಿವಾಸ್ ಅವರಿಂದ ಇನ್ನೂ ನೂರು ಹಾಡು ಕೇಳುವ ಭಾಗ್ಯ ನಮಗೆ ತಪ್ಪಿತು ಎಂದು ನಾನು ಕೊರಗುತ್ತೇನೆ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಒಳ್ಳೆಯದೆಂದರೆ ಆ ಕೈಬದಲು ಒಂದೇ ಏಟಿಗೆ ಆಗಲಿಲ್ಲ. 1975ರ ‘ಮಯೂರ’ದಲ್ಲಿ ಇಬ್ಬರೂ ಇದ್ದಾರೆ. ಕದಂಬರ ದೊರೆ ಪ್ರಜೆಗಳ ಮುಂದೆ ಹಾಡುವಾಗ ಶ್ರೀನಿವಾಸ್ ಅವರ ದನಿ, ಪ್ರೇಮದ ಹಾಡಿಗೆ ಜಾನಕಿ ಅವರೊಂದಿಗೆ ರಾಜ್ ಅವರದೇ ದನಿ. ನೋಡುವವರಿಗೆ ಇದು ತೊಡಕೆನಿಸಲಿಲ್ಲ. ಇನ್ನೂ ಬೆರಗಿನದು 1977ರ ‘ಬಬ್ರುವಾಹನ’. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ.ಜಿ. ಲಿಂಗಪ್ಪನವರ ಸಂಗೀತ. ತಂದೆ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ರಣರಂಗದಲ್ಲಿ ಇಬ್ಬರೂ ಎದುರುಬದುರಾಗಿ ಪದ್ಯಕ್ಕೆ ಪದ್ಯ ಎಸೆದು ಹಂಗಿಸುವ ಸನ್ನಿವೇಶ. ಒಂದು ಪಾತ್ರಕ್ಕೆ ರಾಜ್ ದನಿ, ಇನ್ನೊಂದಕ್ಕೆ ಪಿ.ಬಿ.ಶ್ರೀ ದನಿ. ಒಂದೇ ಮುಖ ಎರಡಾಗಿ ನಿಂತಿದೆ. ಆ ಮುಖಕ್ಕೆ ಎಷ್ಟೋ ವರ್ಷ ದನಿಯಾದವರು ಒಂದು ಕಡೆ, ಈಗ ದನಿಯಾದ ಅವರೇ ಇನ್ನೊಂದು ಕಡೆ. ಕನ್ನಡ ಸಿನಿಮಾದ ಹಿನ್ನೆಲೆ ಗಾಯನದ ಇಡೀ ಚರಿತ್ರೆ ಆ ಕೆಲವು ನಿಮಿಷಗಳಲ್ಲಿ ಮುಖಾಮುಖಿಯಾಗಿದೆ ಎಂದೇ ನನಗೆ ಅನ್ನಿಸುತ್ತದೆ.

ಅದರ ಮಟ್ಟೂ ಅಪ್ಪಟ ರಂಗಭೂಮಿಯದು. ಎದುರಾಳಿಯ ಪದ್ಯ ಮುಗಿಯುವ ಜಾಗದಿಂದಲೇ ಇವನ ಪದ್ಯ ಎದ್ದೇಳಬೇಕು, ಕೊನೆಯ ಪದ ಬಾಣದ ಮೊನೆಯಾಗಬೇಕು, ಉಸಿರು ಕಡಿಯಬಾರದು. ನಮ್ಮ ಸೀಮೆಯಲ್ಲಿ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ವೇದಿಕೆ ಹಾಕಿದರೆ ಇಬ್ಬರು ಹುಡುಗರು ರಟ್ಟಿನ ಕಿರೀಟ ಕಟ್ಟಿಕೊಂಡು ಈ ಪದ್ಯಗಳನ್ನು ಹಾಡುತ್ತಾರೆ. ಮೊಬೈಲಿನಲ್ಲಿ ಹಾಡು ಹಾಕಿ ಬಾಯಿ ಆಡಿಸುವವರೂ ಇದ್ದಾರೆ, ಆದರೆ ಹಾಗೆ ಮಾಡಿದರೆ ಮುಂದೆ ಕೂತ ಹಿರಿಯರು ಬಿಡುವುದಿಲ್ಲ. “ನಿನ್ ದನಿ ತೆಗಿಯೋ ತಮ್ಮಾ, ನಿನ್ ದನಿ ಎಲ್ಲೈತಿ?” ಎಂದು ಕೂಗುತ್ತಾರೆ. ಈ ಒಂದು ಕೂಗಿಗಾಗಿ ಆ ಹಿರಿಯರ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ.

ಮುಂದಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ತಮ್ಮ ಚಿತ್ರಗಳ ಹಾಡುಗಳನ್ನು ಅವರೇ ಹಾಡಿದರು, ಭಕ್ತಿಗೀತೆಗಳ ಕ್ಯಾಸೆಟ್ಟುಗಳು ಮನೆಮನೆಗೆ ಬಂದವು, ಒಳ್ಳೆಯ ಕೆಲಸಗಳಿಗೆ ಹಣ ಕೂಡಿಸಲು ರಸಮಂಜರಿಗಳಲ್ಲಿ ನಿಂತು ಹಾಡಿದರು. 1992ರ ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ಬಂತು. ಉಪೇಂದ್ರ ಕುಮಾರ್ ಸಂಗೀತದ ಆ ಹಾಡಿನಲ್ಲಿ ಅರವತ್ತು ದಾಟಿದ ಗಂಟಲು ಆಲಾಪದಲ್ಲಿ ಏರಿ ಇಳಿಯುವುದನ್ನು ಕೇಳಿದವರು, ಇದು ಬೇರೊಬ್ಬರ ಗೈರುಹಾಜರಿಯಲ್ಲಿ ಶುರುವಾದ ಗಾಯನ ಎಂದು ನಂಬಲಾರರು. ಆದರೂ ನನ್ನ ಮೆಚ್ಚುಗೆ ಹೆಚ್ಚು ವಾಲುವುದು ಅವರ ಕೆಳಸ್ಥಾಯಿಯ ಹಾಡುಗಳ ಕಡೆಗೆ. ಮೇಲಿನ ಸ್ವರಗಳಲ್ಲಿ ಅವರು ಪಟ್ಟಿನಿಂದ ಗೆಲ್ಲುತ್ತಾರೆ. ಕೆಳಗಿಳಿದಾಗ ಗೆಲ್ಲಬೇಕೆಂಬ ಹಟವೇ ಇರುವುದಿಲ್ಲ. ಮಾತಿಗೂ ಹಾಡಿಗೂ ನಡುವಿನ ಆ ತಗ್ಗಿನಲ್ಲಿ, ಸ್ವಲ್ಪ ಮೂಗು ಬೆರೆತ ಆ ದನಿಯಲ್ಲಿ, ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಹೇಳಿದಂತಿರುತ್ತದೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಶಾಲೆಯ ಮೆಟ್ಟಿಲನ್ನು ಬೇಗ ಇಳಿದವರಿಗೆ ಕನ್ನಡಕ್ಕೆಂದೇ ಹುಟ್ಟಿದ ವಿಶ್ವವಿದ್ಯಾಲಯ ಮಾಡಿದ ಮರ್ಯಾದೆ ಅದು. ಅವರ ನಟನೆಗೆ ಎಷ್ಟೋ, ಕನ್ನಡದ ಅಕ್ಷರಗಳನ್ನು ಬಾಯಲ್ಲಿ ಹೊತ್ತು ಮೆರೆಸಿದ್ದಕ್ಕೂ ಅಷ್ಟೇ ಸಲ್ಲಬೇಕಾದ ಮರ್ಯಾದೆ.

ಹೊಸಪೇಟೆಯಲ್ಲಿ ಕೂತು ಈ ಮಾತು ಬರೆಯುವಾಗ ರಾಜ್ ಅವರ ಮಗ ಅಪ್ಪುವಿನ ಹೆಸರೆತ್ತದೆ ಮುಗಿಸಲಾಗದು. ಪುನೀತ್ ರಾಜ್‌ಕುಮಾರ್ ಅವರನ್ನು ಈ ಊರು ಪ್ರೀತಿಸಿದ ಬಗೆಯೇ ಬೇರೆ. ಅವರು 2021ರ ಅಕ್ಟೋಬರ್ 29ರಂದು ಹೋದರು. 2022ರ ಜೂನ್ 5ರಂದು ಇಲ್ಲಿ ಅವರ ಪ್ರತಿಮೆ ನಿಂತಿತು. ಆಟೋದ ಹಿಂದೆ, ಸಂಡೂರಿನ ಅದಿರು ಲಾರಿಗಳ ಮುಂದೆ, ಚಹಾದಂಗಡಿಯ ಗೋಡೆಯ ಮೇಲೆ ಆ ನಗುಮುಖ ಇವತ್ತಿಗೂ ಇದೆ. ಆದರೆ ಅಪ್ಪು ಗಾಯಕನಾಗಿ ತಂದೆಗಿಂತ ಅದೃಷ್ಟವಂತ ಎಂಬುದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ತಂದೆ ಗಾಯಕನಾಗಲು ನಲವತ್ತೈದು ವರ್ಷ ಕಾಯಬೇಕಾಯಿತು. ಮಗ ‘ಭಾಗ್ಯವಂತ’ದಲ್ಲಿ ಹಾಲುಹಲ್ಲಿನ ವಯಸ್ಸಿಗೇ ತನ್ನ ಪಾತ್ರಕ್ಕೆ ತಾನೇ ಹಾಡಿದ. ‘ಚಲಿಸುವ ಮೋಡಗಳು’ (1982) ಚಿತ್ರದಲ್ಲಿ ಹಾಡಿದ. ರಾಷ್ಟ್ರಪ್ರಶಸ್ತಿ ತಂದ ‘ಬೆಟ್ಟದ ಹೂವು’ (1985) ಚಿತ್ರದಲ್ಲೂ ಹಾಡಿದ. ಆ ಮಗುವಿನ ದನಿಯಲ್ಲಿ ಸಂಗೀತದ ಜಾಣತನ ಹುಡುಕಿದರೆ ಸಿಗದು. ಅಕ್ಷರ ಸ್ಪಷ್ಟ, ಶ್ರುತಿ ನೇರ, ಭಯವಿಲ್ಲ. ತಂದೆ ಮುಖವನ್ನೂ ದನಿಯನ್ನೂ ಮತ್ತೆ ಒಂದು ಮಾಡಿದ್ದರಿಂದ, ಮಗನಿಗೆ ಅವೆರಡೂ ಬೇರೆಯಾಗಬಹುದು ಎಂಬ ಯೋಚನೆಯೇ ಬರಲಿಲ್ಲ ಎಂದು ತೋರುತ್ತದೆ.

2002ರಲ್ಲಿ ‘ಅಪ್ಪು’ ಚಿತ್ರದಿಂದ ನಾಯಕನಾದಾಗಲೂ ಹಾಡುತ್ತಲೇ ಬಂದರು. ‘ತಾಲಿಬಾನ್ ಅಲ್ಲ ಅಲ್ಲ’ ಹಾಡಿಗೆ ಮಾತು ಉಪೇಂದ್ರ ಅವರದು, ಸಂಗೀತ ಗುರುಕಿರಣ್ ಅವರದು. ನಟ, ನಿರ್ದೇಶಕ, ಗೀತರಚನಕಾರ ಎಲ್ಲವೂ ಆದವರೊಬ್ಬರು ಬರೆದ ತುಂಟ ಸಾಲುಗಳನ್ನು ನಟನೊಬ್ಬ ಕುಣಿಯುತ್ತ ಹಾಡಿದ್ದು. ಇದರಲ್ಲಿ ಶಾಸ್ತ್ರ ಹುಡುಕಬಾರದು, ಕುಣಿಯುವ ಕಾಲಿನ ಸದ್ದನ್ನು ದನಿಯಲ್ಲಿ ಹುಡುಕಬೇಕು, ಸಿಗುತ್ತದೆ. ಆರು ವರ್ಷಗಳ ನಂತರ ‘ವಂಶಿ’ಯಲ್ಲಿ ಶ್ರೇಯಾ ಘೋಷಾಲ್ ಅವರಂಥ ನುರಿತ ಗಾಯಕಿಯ ಜೊತೆಗೆ ‘ಜೊತೆಜೊತೆಯಲಿ’ ಹಾಡಿದರು. ಆಕೆಯ ದನಿ ಮೇಲೆ ಹಾರಾಡುವಾಗ ಇವರು ಕೆಳಗೆ ನಿಂತು ಮಾತಾಡುವ ಹಾಗೆ ಹಾಡಿ ಜೊತೆಗೊಡುತ್ತಾರೆ. ಅಪ್ಪನ ಕೆಳಸ್ಥಾಯಿಯ ಪಾಠ ಅಲ್ಲಿ ಮಗನ ಬಾಯಲ್ಲಿ ಕೇಳುತ್ತದೆ. ಬೇರೆಯವರ ಚಿತ್ರಗಳಿಗೂ ಹಾಡುತ್ತಿದ್ದರು. ಹಾಗೆ ಹಾಡಿ ಬಂದ ಹಣವನ್ನು ತಮಗೆ ಇಟ್ಟುಕೊಳ್ಳದೆ ಒಳ್ಳೆಯ ಕೆಲಸಗಳಿಗೆ ಕೊಡುತ್ತಿದ್ದರು.

ಈಚೆಗೆ ನಟರು ಹಾಡುವುದು ಹೆಚ್ಚಾಗಿದೆ. ತಾವೇ ಬರೆದು ಹಾಡುವವರೂ ಬಂದಿದ್ದಾರೆ. ಸ್ವರ ಜಾರಿದರೆ ತಿದ್ದಿ ಕೂಡಿಸುವ ಯಂತ್ರಗಳು ಸ್ಟುಡಿಯೋಗಳಲ್ಲಿವೆ. ಅವುಗಳ ಬಗ್ಗೆ ನನಗೆ ಹಗೆತನವಿಲ್ಲ, ಆದರೆ ಅವು ಶ್ರುತಿಯನ್ನು ಕೊಡಬಲ್ಲವು, ಪಾತ್ರವನ್ನು ಕೊಡಲಾರವು. ನನಗೊಂದು ಆಸೆಯಿದೆ. ಹಂಪಿ ಉತ್ಸವದ ವೇದಿಕೆಗೆ ಪ್ರತಿ ವರ್ಷ ಸಿನಿಮಾದವರು ಬರುತ್ತಾರೆ, ರಾತ್ರಿಯೆಲ್ಲ ದೀಪ, ಸದ್ದು. ಅದೇ ಉತ್ಸವದ ಒಂದು ರಾತ್ರಿಯನ್ನು ಹಾಡುವ ನಟರಿಗೆಂದೇ ಮೀಸಲಿಡಬೇಕು. ಹಿಂದೆ ಮುದ್ರಿತ ಸಂಗೀತ ಇರಬಾರದು. ಒಂದು ಹಾರ್ಮೋನಿಯಂ, ಒಂದು ತಬಲ, ಸಾಕು. ಸಂಡೂರಿನ ಹಳ್ಳಿಯ ಬಯಲಾಟದ ಅರ್ಜುನನೂ ಬರಲಿ, ಕಂಪನಿಯ ಹಿರಿಯ ನಟಿಯೂ ಬರಲಿ, ಬೆಂಗಳೂರಿನ ಹೊಸ ನಾಯಕನೂ ಬರಲಿ. ಒಂದೊಂದು ಪಾತ್ರ, ಒಂದೊಂದು ಮಾತು, ಆ ಮಾತಿನಿಂದ ಎದ್ದ ಒಂದೊಂದು ಹಾಡು. ಮುಂದಿನ ಸಾಲಿನಲ್ಲಿ ಗಣ್ಯರ ಸೋಫಾ ಬೇಡ. ಗಣೇಶನ ಹಬ್ಬದ ವೇದಿಕೆ ಮುಂದೆ ಕೂತು ‘ನಿನ್ ದನಿ ತೆಗಿ’ ಎನ್ನುವ ಆ ಹಿರಿಯರನ್ನು ಕರೆತಂದು ಕೂರಿಸಬೇಕು. ಯಾರಿಗೆ ಒನ್ಸ್ ಮೋರ್ ಕೊಡಬೇಕೆಂಬುದನ್ನು ಅವರೇ ಹೇಳಲಿ.